ಹಾಲ್ ರಿನೋವೇಶನ್ ಟೈಮ್‌ಟೇಬಲ್: ಗೋಡೆಯನ್ನೂ ಒಮ್ಮೆ ಕೇಳಿ ಮಾರಾಯ್ರೆ

1/6
“ಮೇಯಲ್ಲಿ ಮದುವೆ. ಏಪ್ರಿಲ್‌ನಲ್ಲಿ ಹಾಲ್ ಒಡೆದ್ರೆ ಸಾಕಲ್ವಾ?”
ಸಾಕಾಗುದಿಲ್ಲ ಮಾರಾಯ್ರೆ.
ನಮ್ಮಲ್ಲಿ ಹಾಲ್ ಕೆಲಸದ ದಿನ ಗೊತ್ತು ಮಾಡುವುದು ಮೂರೇ ಸಂಗತಿ: ದುಬೈ ಅಣ್ಣನ ರಜೆ, ಮದುವೆ ಕಾಗದ, ಮತ್ತೆ “7 ದಿನದಲ್ಲಿ ಹೊಸ ಹಾಲ್” ಅನ್ನುವ ರೀಲ್ಸ್. ಗೋಡೆಯನ್ನು ಯಾರೂ ಕೇಳುವುದಿಲ್ಲ. ಆಮೇಲೆ ಬಣ್ಣ ಎದ್ದು ಬಂದ್ರೆ ಬೈಗುಳ ಮಾತ್ರ ಪೈಂಟರ್‌ಗೆ!

2/6
ಇಲ್ಲಿಯ ಹಳೆ ಮನೆಗಳಲ್ಲಿ ಹೆಚ್ಚಿನವು ಕೆಂಪು ಕಲ್ಲಿನವು. ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರ್ಕಳಕ್ಕೆ ಘಟ್ಟದ ಬದಿಯ ಮಳೆ, ಕಾಪುವಿಗೆ ಮಳೆಯ ಜೊತೆ ಕಡಲಿನ ಉಪ್ಪುಗಾಳಿ. ಚೌತಿ ಮುಗಿದ ಕೂಡ್ಲೆ ಪುಟ್ಟಿ ಎಳೆದರೆ ಒಳಗಿನ ತೇವ ಸುಮ್ಮನೆ ಕೂರುವುದಿಲ್ಲ, ಗುಳ್ಳೆಯಾಗಿ ಹೊರಗೆ ಬರುತ್ತದೆ.
ಪರೀಕ್ಷೆ ಸುಲಭ: ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ. ಮರುದಿನ ಒಳಬದಿಯಲ್ಲಿ ನೀರಿನ ಹನಿ ಉಂಟಾ? ಹಾಗಾದ್ರೆ ಬಣ್ಣದ ಡಬ್ಬಿ ತೆರೆಯಬೇಡಿ.

3/6
“ಹಾಗಾದ್ರೆ ಬೇಸಿಗೆಯೇ ಒಳ್ಳೇದಲ್ವಾ?”
ಹೊಸ ಸಾರಣೆಗೆ ಕನಿಷ್ಠ 7 ದಿನ ನೀರು ಹಾಯಿಸಬೇಕು. ಏಪ್ರಿಲ್-ಮೇಯಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರು ಇರ್ತದೆ? 2019ರ ಮೇಯಲ್ಲಿ ಸ್ವರ್ಣಾ ನದಿಯ ಬಜೆ ಡ್ಯಾಂ ಬತ್ತಿ, ಉಡುಪಿ ನಗರವೇ ಟ್ಯಾಂಕರ್ ನೀರಿಗೆ ಕಾದಿತ್ತು. ಕುಡಿಯಲಿಕ್ಕೇ ಇಲ್ಲದಾಗ ಗೋಡೆಗೆ ಯಾರು ಕೊಡ್ತಾರೆ? ನೀರು ಸಾಲದ ಸಾರಣೆ ಬಿರುಕು ಬಿಡುತ್ತದೆ. ಆಗಲೂ ಬೈಗುಳ ಮೇಸ್ತ್ರಿಗೇ.

4/6
ಸೇವ್ ಮಾಡಿ. ಡಿಸೆಂಬರ್ 1ಕ್ಕೆ ಶುರು ಮಾಡಿದರೆ:
▪️ 1ನೇ ವಾರ: ಸಾಮಾನು ಖಾಲಿ, ಗೋಡೆ ಕಡಿದು ವೈರಿಂಗ್ ಪೈಪ್
▪️ 2: ಸಾರಣೆ
▪️ 3: ನೀರು ಹಾಯಿಸುವುದು
▪️ 4–7: ಗೋಡೆ ಒಣಗಲಿ. ಅಷ್ಟರಲ್ಲಿ ನೆಲದ ಟೈಲ್ಸ್, ಅಂಗಳದಲ್ಲಿ ಆಚಾರ್ರ ಮರದ ಕೆಲಸ
▪️ 8–9: ಪುಟ್ಟಿ, ಪ್ರೈಮರ್, ಮೊದಲ ಕೋಟ್
▪️ 10: ಲೈಟು, ಕೊನೆ ಕೋಟ್, ಸೋಫಾ
ಫೆಬ್ರವರಿ ಎರಡನೇ ವಾರಕ್ಕೆ ಹಾಲ್ ರೆಡಿ. ಮಣಿಪಾಲದ ಫ್ಲ್ಯಾಟ್‌ನವರು ಡ್ರಿಲ್ಲಿಂಗ್ ದಿನ ಹಾಕುವ ಮೊದಲು ಪಕ್ಕದ ಮನೆ ಮಕ್ಕಳ ಪರೀಕ್ಷೆ ಯಾವಾಗ ಅಂತ ಕೇಳಿ.
4ರಿಂದ 7ನೇ ವಾರದವರೆಗೆ “ಕೆಲಸ ನಿಂತಿದೆ” ಅಂತ ಅಪ್ಪ ರಂಪ ಮಾಡ್ತಾರೆ. ನಿಂತಿಲ್ಲ. ಗೋಡೆ ಒಣಗುವುದೂ ಕೆಲಸವೇ.

5/6
“ದಿನ ಫಿಕ್ಸ್ ಆಗಿದೆ, ನಾವೆಂತ ಮಾಡುದು?”
ಪರ್ಯಾಯ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18. ಒಂದು ದಿನ ಆಚೀಚೆ ಇಲ್ಲ. ಅದಕ್ಕೆ ತಯಾರಿ ಡಿಸೆಂಬರ್ ಕೊನೆಗೆ ಶುರುವಾಗ್ತದಾ? ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ. ಮತ್ತೆ ಅಕ್ಕಿ, ಕಟ್ಟಿಗೆ, ಭತ್ತ, ಒಂದೊಂದಕ್ಕೂ ಮುಹೂರ್ತ. ಬಾಳೆ ಬೆಳೆಯಲಿಕ್ಕೆ ಸಮಯ ಬೇಕು, ಅದಕ್ಕೇ ಅದು ಮೊದಲು. ತೇರಿನ ಹಾಗೆ ಪೇರಿಸಿದ ಕಟ್ಟಿಗೆ ತಿಂಗಳುಗಟ್ಟಲೆ ಮೊದಲೇ ನಿಂತಿರ್ತದೆ. ತಡವಾಗುವ ವಸ್ತುವಿನಿಂದ ಲೆಕ್ಕ ಶುರು: ಈ ಬುದ್ಧಿ ರಥಬೀದಿಯಲ್ಲಿ ಕಣ್ಣೆದುರೇ ಉಂಟು. ನಾವು ಸೆಲ್ಫಿ ತೆಗೆದು ಬಂದೆವು, ಅಷ್ಟೇ.

6/6
ಅವಸರದ ಬಿಲ್ ಯಾರು ಕಟ್ಟುತ್ತಾರೆ? ರಜೆ ಮುಗಿಸಿ ಹೋದ ಅಣ್ಣ ಅಲ್ಲ. ಬಾಕಿ ದುಡ್ಡು ಸಿಗದ ಪೈಂಟರ್. ಧೂಳಿನ ನಡುವೆ ಅಡುಗೆ ಮಾಡಿ, ಕೆಲಸದವರಿಗೆ ಹೊತ್ತು ಹೊತ್ತಿಗೆ ಚಾ ಕೊಟ್ಟು, ಮರು ವರ್ಷ ಮತ್ತೆ ಅದೇ ಧೂಳು ಗುಡಿಸುವ ಅಮ್ಮ. ಕೆಮ್ಮುತ್ತಾ ಒಳಕೋಣೆಯಲ್ಲಿ ಕೂತ ಅಜ್ಜಿ. ದಿನ ಗೊತ್ತು ಮಾಡುವಾಗ ಇವರಲ್ಲಿ ಒಬ್ಬರನ್ನಾದರೂ ಕೇಳಿದ್ದುಂಟಾ?
ಮನೆಯಲ್ಲಿ ಹಾಲ್ ಮಾತು ಎದ್ದರೆ ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಮೇಸ್ತ್ರಿ, ಪೈಂಟರ್, ಅಮ್ಮ ಮೂವರನ್ನೂ ಕೂರಿಸಿ ಕ್ಯಾಲೆಂಡರ್ ತೆರೆಯಿರಿ. ಒಣಗುವ ದಿನಗಳನ್ನು ಮೊದಲು ಗುರುತು ಹಾಕಿ. ಉಳಿದ ದಿನ ಅಣ್ಣನಿಗೆ.
ಏಪ್ರಿಲ್‌ನಲ್ಲಿ ಹಾಲ್ ಒಡೆಯಲು ಹೊರಟ ಫ್ರೆಂಡ್ ಇದ್ದರೆ ಈಗಲೇ ಟ್ಯಾಗ್ ಮಾಡಿ 👇
#ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ಗೋಡೆಒಣಗಲಿ