ನಂಬರು ಅದೇ, ಆಸಾಮಿ ಬೇರೆ!

ಹಾಜರಿ ಪುಸ್ತಕದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ನಂಬರು ಇರುವಂತೆ, ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಒಂದು ನಂಬರು ಇರುತ್ತದೆ. ಹೀಗೆ ಓಡುತ್ತಿರುವ ಪ್ರೋಗ್ರಾಮಿಗೆ ‘ಪ್ರೊಸೆಸ್’ ಎಂದೂ ಅದರ ನಂಬರಿಗೆ ‘ಪಿಐಡಿ’ ಎಂದೂ ಹೆಸರು. ನಂಬರು ಹಂಚುವ ಹೊಣೆ ಆಪರೇಟಿಂಗ್ ಸಿಸ್ಟಂನದು. ಲಿನಕ್ಸ್‌ನಲ್ಲಿ ಮೊದಲು ಏಳುವ ಪ್ರೊಸೆಸ್‌ಗೆ 1. ಆಮೇಲೆ ಬಂದವಕ್ಕೆ ಸಾಲಾಗಿ ಮುಂದಿನ ನಂಬರುಗಳು.

ಈ ಸಾಲಿಗೂ ಕೊನೆಯುಂಟು. ಲಿನಕ್ಸ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಿತಿ 32,768. ಅಷ್ಟು ಮುಗಿದ ಮೇಲೆ ಎಣಿಕೆ ಮತ್ತೆ ಕೆಳಗಿನಿಂದ ಶುರುವಾಗಿ, ಖಾಲಿ ಬಿದ್ದ ನಂಬರು ಹೊಸಬರ ಪಾಲಾಗುತ್ತದೆ. ಹೋದ ವರ್ಷದ 27ನೇ ನಂಬರಿನ ಹುಡುಗ ಶಾಲೆ ಬಿಟ್ಟರೆ, ಈ ವರ್ಷ ಆ ನಂಬರು ಇನ್ನೊಬ್ಬನಿಗೆ ಸಿಗುವುದಿಲ್ಲವೆ? ಹಾಗೆಯೇ ಇದು.

ಎಡವಟ್ಟು ಆಗುವುದೂ ಇಲ್ಲೇ. ಪರೀಕ್ಷೆಯ ಫಲಿತಾಂಶ ತೋರಿಸುವ ಕಂಪ್ಯೂಟರೊಂದನ್ನು ಊಹಿಸಿಕೊಳ್ಳಿ. ಫಲಿತಾಂಶದ ಪ್ರೋಗ್ರಾಮಿನ ನಂಬರು 4127. ಅದರ ಮೇಲೆ ಕಣ್ಣಿಡುವ ಕಾವಲು ತಂತ್ರಾಂಶ ಈ ನಂಬರನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಂಡಿದೆ. ರಾತ್ರಿ ಆ ಪ್ರೋಗ್ರಾಮು ಹಠಾತ್ತನೆ ನಿಂತುಹೋಗುತ್ತದೆ. ಕಡತದಲ್ಲಿ ನಂಬರು ಹಾಗೆಯೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅದೇ 4127, ಅಂಕಗಳ ನಕಲು ತೆಗೆಯುತ್ತಿರುವ ಮತ್ತೊಂದು ಪ್ರೊಸೆಸ್‌ಗೆ ಸಿಗುತ್ತದೆ. ‘4127 ಇದ್ದೀಯಾ?’ ಎಂದು ವಿಚಾರಿಸಿದ ಕಾವಲುಗಾರ, ಇದೆ ಎಂದು ತಿಳಿದು ಸುಮ್ಮನಾಗುತ್ತಾನೆ. ಮಕ್ಕಳಿಗೆ ಮಾತ್ರ ಫಲಿತಾಂಶ ಕಾಣುವುದಿಲ್ಲ. ಯಾರಾದರೂ ‘ನಿಲ್ಲಿಸಿ ಮತ್ತೆ ಶುರುಮಾಡು’ ಎಂದರಂತೂ ಕಾವಲುಗಾರ 4127ನ್ನೇ ನಿಲ್ಲಿಸುತ್ತಾನೆ. ನಕಲಿನ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ. ತಪ್ಪು ಒಬ್ಬನದು, ಶಿಕ್ಷೆ ಇನ್ನೊಬ್ಬನಿಗೆ!

64 ಬಿಟ್ ಯಂತ್ರಗಳಲ್ಲಿ ಮಿತಿಯನ್ನು ಸುಮಾರು 42 ಲಕ್ಷದವರೆಗೆ ಏರಿಸಬಹುದು. ಇದರಿಂದ ಅಪಾಯ ದೂರ ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗಾದರೆ ಉಪಾಯ? ನಂಬರಿನ ಜೊತೆಗೆ ಪ್ರೊಸೆಸ್ ಶುರುವಾದ ಸಮಯವನ್ನೂ ಬರೆದಿಡುವುದು ಒಂದು. ನಂಬರು ಒಂದೇ ಆದರೂ ಹುಟ್ಟಿದ ಗಳಿಗೆ ಬೇರೆ. ಕಾವಲು ತಂತ್ರಾಂಶವೇ ಪ್ರೋಗ್ರಾಮನ್ನು ಹುಟ್ಟಿಸಿ, ಅದರ ‘ತಾಯಿ’ ಆಗುವುದು ಇನ್ನೊಂದು. ಮಗು ನಿಂತುಹೋದ ಸುದ್ದಿ ಮೊದಲು ತಾಯಿಗೆ ತಲಪುತ್ತದೆ. ತಾಯಿ ಅದನ್ನು ಸ್ವೀಕರಿಸುವ ತನಕ ಆ ನಂಬರು ಬೇರೆಯವರಿಗೆ ಹೋಗುವುದಿಲ್ಲ. 2019ರಲ್ಲಿ ಲಿನಕ್ಸ್‌ಗೆ ‘ಪಿಐಡಿಎಫ್‌ಡಿ’ ಎಂಬ ಮೂರನೆಯ ದಾರಿಯೂ ಬಂತು. ಇದು ನಂಬರಿಗಲ್ಲ, ಆ ಪ್ರೊಸೆಸ್‌ಗೇ ಕಟ್ಟಿದ ಹಿಡಿ. ನಂಬರು ಯಾರ ಪಾಲಾದರೂ ಈ ಹಿಡಿ ಹೊಸಬನಿಗೆ ಸೇರದು.

ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳು ಒಂದನ್ನು ನೆನಪಿಡಬೇಕು. ಯಾವುದೇ ಪ್ರೊಸೆಸ್ ನಿಲ್ಲಿಸುವ ಮುನ್ನ ನಂಬರು ಒಂದನ್ನೇ ನಂಬದೆ, ಅದು ಯಾವುದು, ಎಂದು ಶುರುವಾಯಿತು ಎಂಬುದನ್ನೂ ನೋಡುವುದು ಒಳ್ಳೆಯದು.