ಖೋತಾ ತುಂಬುವ ಹೆಂಡ



2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ಕೊರತೆ 19,262 ಕೋಟಿ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿಗಳಂಥ ದಿನದ ಖರ್ಚಿಗೇ ವರಮಾನ ಸಾಲದು. ಸರ್ಕಾರ 1,16,000 ಕೋಟಿ ಸಾಲ ಎತ್ತುವುದಾಗಿ ಹೇಳಿತು. ಆದರೆ ಸಾಲಕ್ಕೂ ಕಟ್ಟು ಇದೆ: ಒಟ್ಟು ಹೊಣೆ ರಾಜ್ಯದ ಉತ್ಪನ್ನದ ಶೇ. 25 ಮೀರಬಾರದು, 2025-26ರ ಬಜೆಟ್ಟಿನ ಅಂದಾಜಿನಲ್ಲೇ ಅದು ಶೇ. 24.91ಕ್ಕೆ ಬಂದು ನಿಂತಿತ್ತು. ಜಿಎಸ್‌ಟಿ ಬಂದ ಮೇಲೆ ಬಹುಪಾಲು ಸರಕಿನ ತೆರಿಗೆ ದರ ದೆಹಲಿಯ ಮಂಡಳಿಯ ಕೈ ಸೇರಿತು. ರಾಜ್ಯ ತಾನೇ ಏರಿಸಬಹುದಾದದ್ದು ಪೆಟ್ರೋಲು-ಡೀಸೆಲ್, ನೋಂದಣಿ, ವಾಹನ, ಮತ್ತೆ ಹೆಂಡ.

ಹೆಂಡವೇ ಸುಲಭ. ಬೆಲೆ ಏರಿಸಿದರೆ ಕುಡುಕ ಮುಷ್ಕರ ಹೂಡುವುದಿಲ್ಲ. 2024-25ರಲ್ಲಿ 38,525 ಕೋಟಿ ಇದ್ದ ಅಬಕಾರಿ ಗುರಿ 2025-26ರಲ್ಲಿ 40,000 ಕೋಟಿ ಆಯಿತು. ಸ್ವಂತ ತೆರಿಗೆಯಲ್ಲಿ ಹತ್ತಿರ ಹತ್ತಿರ ಐದನೆಯ ಒಂದು ಪಾಲು!

ಭಾರ ಯಾರ ಮೇಲೆ? 2023ರ ಜುಲೈ ಬಜೆಟ್ಟಿನಲ್ಲಿ ಅಗ್ಗದ ಮದ್ಯವನ್ನೂ ಬಿಡದೆ ಎಲ್ಲ 18 ಸ್ಲ್ಯಾಬುಗಳ ಮೇಲೆ ಹೆಚ್ಚುವರಿ ಸುಂಕವನ್ನು ಶೇ. 20ರಷ್ಟು ಏರಿಸಿದರು. 2024ರ ಆಗಸ್ಟಿನಲ್ಲಿ ಸುಂಕ ಇಳಿದದ್ದು ದುಬಾರಿ ಬಾಟಲಿಗಳಿಗೆ. ಗೃಹಲಕ್ಷ್ಮಿ ಎಂದು ಹೆಂಡತಿಯ ಕೈಗೆ ಕೊಟ್ಟ 2,000ವನ್ನು ಗಂಡನ ಕೈಯಿಂದ ವೈನ್‌ಶಾಪಿನಲ್ಲಿ ಹಿಂದಕ್ಕೆ ಪಡೆಯುವ ಈ ಏರ್ಪಾಟಿಗೆ ದಾಸೋಹದ ಹೆಸರು ಬಳಿಯುವವರನ್ನೂ ಕಂಡಿದ್ದೇವೆ.

ಇದೇ ಸರ್ಕಾರ ಆಗಸ್ಟ್ 1ರಂದು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನವನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ಬೇಡಿದ್ದು ದುಡ್ಡನ್ನಲ್ಲ, ದುಶ್ಚಟವನ್ನು. ಒಬ್ಬ ಕೂಲಿಕಾರ ಆ ಜೋಳಿಗೆಗೆ ಕುಡಿತ ಹಾಕಿದರೆ ಬೊಕ್ಕಸಕ್ಕೆ ಅಷ್ಟು ಖೋತಾ. ಜೋಳಿಗೆ ತುಂಬಬೇಕೋ, ಗುರಿ ಮುಟ್ಟಬೇಕೋ? ಎರಡೂ ಆಗದು.

ನಾಳೆಯೇ ಪಾನನಿಷೇಧ ಮಾಡಿ ಎನ್ನುತ್ತಿಲ್ಲ. ಕಳ್ಳಭಟ್ಟಿಯ ಸಾವುಗಳ ಅರಿವು ನಮಗೂ ಇದೆ. ಗುರಿಯನ್ನು ವರ್ಷವರ್ಷ ಏರಿಸಬೇಡಿ, ಇಳಿಸುತ್ತ ಬನ್ನಿ ಎನ್ನುತ್ತಿದ್ದೇವೆ. ಕೊರತೆ ತುಂಬುವುದು ಹೇಗೆ ಎಂದರೆ, 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯಿಂದ ಆದ ನಷ್ಟವನ್ನು 16,000 ಕೋಟಿಗೂ ಮಿಕ್ಕಿ ಲೆಕ್ಕ ಹಾಕಿತ್ತು. ಅಲ್ಲಿ ಕೈ ಹಾಕಲು ಅಂಜಿದವರು ಕೂಲಿಕಾರನ ಜೇಬಿಗೆ ಕೈ ಹಾಕುತ್ತಾರೆ.

ಇನ್ನು ನಮ್ಮ ಮಾತು. ಬಜೆಟ್ ಬಂತೆಂದರೆ ನಮ್ಮ ಮಠಗಳೂ ಸಮುದಾಯ ಭವನ, ವಸತಿನಿಲಯ ಎಂದು ಅನುದಾನದ ಮನವಿ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುತ್ತವೆ. ಆ ಹಣದಲ್ಲಿ ಹೆಂಡದ ಪಾಲೂ ಇದೆ. ಕಾಯಕದಿಂದ ಬಂದದ್ದಷ್ಟೇ ಪ್ರಸಾದ ಎನ್ನುವವರು ನಾವು! ಮುಂದಿನ ಬಜೆಟ್ಟಿನ ಮನವಿಯಲ್ಲಿ ಅನುದಾನದ ಮಾತು ಬಿಟ್ಟು, ಅಬಕಾರಿ ಗುರಿ ಇಳಿಸಿರೆಂಬ ಒಂದೇ ಬೇಡಿಕೆ ಬರೆದು ರುಜು ಹಾಕುವ ಮಠಗಳೆಷ್ಟು? ಹೆಸರು ಕಳುಹಿಸಿದರೆ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.