ನೆಲ್ಲಿ ಪುಡಿಯ ಪ್ಯಾಕೆಟ್ ಮೇಲೆ ಕ್ಯಾನ್ಸರ್ ಹೆಸರು ಬೇಡ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ, ನಮ್ಮ ಬಾಯಲ್ಲಿ ಸಿಟಿ ಮಾರ್ಕೆಟ್ಟಿನಲ್ಲಿ, ನೆಲ್ಲಿಕಾಯನ್ನು ಬರೀ ನೆಲ್ಲಿಕಾಯಿ ಅಂತ ಮಾರುವುದು ಈಗ ಕಷ್ಟ. ಮಾಗಡಿ ಕಡೆಯಿಂದ ಬೆಳಗಿನ ಜಾವ ಮಕ್ಕರಿ ಇಳಿಸುವ ಹೊತ್ತಿಗೇ ಗಿರಾಕಿ ಕೇಳುತ್ತಾರೆ, ‘ಇದು ಕ್ಯಾನ್ಸರ್‌ಗೆ ಒಳ್ಳೇದಂತಲ್ಲ?’ ನೇರಳೆ ಬೀಜಕ್ಕೂ ಅದೇ ಪ್ರಶ್ನೆ, ಅರಿಶಿನಕ್ಕೂ ಅದೇ. ನಮ್ಮ ನೆಲ್ಲಿ ಪುಡಿ ಕೊಳ್ಳುತ್ತಿದ್ದ ವ್ಯಾಪಾರಿಯೊಬ್ಬ, ‘ಯಜಮಾನ್ರೇ, ಪ್ಯಾಕೆಟ್ ಮೇಲೆ ಕ್ಯಾನ್ಸರ್ ನಿವಾರಕ ಅಂತ ಒಂದು ಸಾಲು ಹಾಕ್ಸಿ, ಡಬ್ಬಲ್ ರೇಟು ಕೊಡ್ತೀನಿ’ ಅಂದ. ನಾನು ಒಪ್ಪಲಿಲ್ಲ. ರೈತರಲ್ಲೇ ಕೆಲವರು ಒಪ್ಪಿಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಗಿಡದಲ್ಲಿ ಔಷಧಿ ಇಲ್ಲ ಅಂತ ನನ್ನ ವಾದವಲ್ಲ. ಆಡು ಬಾಯಿ ಹಾಕದ ನಿತ್ಯಪುಷ್ಪದ ಗಿಡ ಎಲ್ಲರ ಬೇಲಿ ಪಕ್ಕದಲ್ಲೂ ಇದೆ. ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುತ್ತಿದ್ದಾರೆ. ಆದರೆ ಕ್ವಿಂಟಲ್‌ಗಟ್ಟಲೆ ಒಣ ಎಲೆಯಿಂದ ಸಿಗುವುದು ಚಿಟಿಕೆಯಷ್ಟು. ಅದನ್ನು ಅಳೆದು ಸೂಜಿಯಲ್ಲಿ ಕೊಡುತ್ತಾರೆ. ಎಲೆ ಅರೆದು ಕುಡಿದರೆ ಅದು ವಿಷ.

ಆ ಔಷಧಿಗೂ ಒಂದು ಕಾಲಕ್ಕೆ ಕ್ಯಾನ್ಸರ್ ಬಗ್ಗದೆ ಹೋಗಬಹುದು. ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವರೆಯ ಕಾಯಿಕೊರಕಕ್ಕೆ ಮೊದಲ ವರ್ಷ ಒಂದು ಸಲ ಹೊಡೆದರೆ ಸಾಕು, ನಾಲ್ಕನೇ ವರ್ಷ ಅದೇ ಔಷಧಿಯನ್ನು ಮಜ್ಜಿಗೆ ಕುಡಿದಂತೆ ಕುಡಿಯುತ್ತದೆ. ಔಷಧಿ ಅಂಗಡಿ ಕೋರ್ಸು ಓದಿದ ನನ್ನ ಅಣ್ಣನ ಮಗಳು ಬಿಡಿಸಿ ಹೇಳಿದ್ದು ಹೀಗೆ: ಮೊಂಡುಬಿದ್ದ ಕ್ಯಾನ್ಸರ್ ಜೀವಕೋಶಗಳಲ್ಲಿ ಕೆಲವು ತಮ್ಮ ಗೋಡೆಯಲ್ಲಿ ಪಂಪು ಕೂರಿಸಿಕೊಂಡಿರುತ್ತವೆ, ಒಳಗೆ ಬಂದ ಔಷಧಿಯನ್ನು ಎತ್ತಿ ಆಚೆ ಸುರಿಯುತ್ತವೆ. ಪಂಪಿನ ಹೆಸರು ಪಿ-ಗ್ಲೈಕೋಪ್ರೋಟೀನ್. ಕೆನಡಾದ ವಿಜ್ಞಾನಿಗಳು 1976ರಲ್ಲಿ ಕಂಡುಹಿಡಿದದ್ದು.

ಇನ್ನು ನಮ್ಮ ಮಕ್ಕರಿಯ ಒಗರಿಗೆ ಬರೋಣ. ನೆಲ್ಲಿ, ನೇರಳೆ, ಚಹಾ ಇವುಗಳ ಒಗರಿಗೆ ಹೆಚ್ಚಾಗಿ ಕಾರಣ ಪಾಲಿಫಿನಾಲ್ ಎಂಬ ಪದಾರ್ಥಗಳು. ರಾಗಿಯ ಕೆಂಪು ಸಿಪ್ಪೆಯಲ್ಲೂ ಇವೆ. ಅರಿಶಿನದ ಹಳದಿ, ಕರ್ಕ್ಯುಮಿನ್, ಅದೇ ಕುಲದ್ದು. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಬೆಳೆಸಿದ ಮೊಂಡು ಜೀವಕೋಶಕ್ಕೆ ಕರ್ಕ್ಯುಮಿನ್ ಹಾಕಿದರೆ ಆ ಪಂಪು ಮಂಕಾಗುತ್ತದೆ, ಔಷಧಿ ಒಳಗೇ ಉಳಿದು ಕೋಶ ಸಾಯುತ್ತದೆ. ಇದು ಸುಳ್ಳಲ್ಲ, ಎಷ್ಟೋ ಕಡೆ ಮಾಡಿ ನೋಡಿದ್ದಾರೆ. ಪೇಪರಿನವರು ಇಷ್ಟನ್ನೇ ಬರೆಯುತ್ತಾರೆ, ಅಂಗಡಿಯವನು ಕತ್ತರಿಸಿ ಗೋಡೆಗೆ ಅಂಟಿಸುತ್ತಾನೆ.

ಬಟ್ಟಲು ಬೇರೆ, ಹೊಟ್ಟೆ ಬೇರೆ. ಬೆಂಗಳೂರಿನದೇ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ನುಂಗಿಸಿ ರಕ್ತ ನೋಡಿದರು. ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಸುಮಾರು 60-70 ಗ್ರಾಂ ಅರಿಶಿನ ಪುಡಿ ತಿನ್ನಬೇಕು. ಸಾರಿಗೆ ಹಾಕುವ ಚಿಟಿಕೆಯ ಲೆಕ್ಕ ನೀವೇ ಮಾಡಿ. ಅದರ ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಹೆಚ್ಚಿತು. ಇಲ್ಲದ್ದರ 20 ಪಟ್ಟು, ಅದೂ ಗಂಟೆ ಹೊತ್ತಿನ ಮಾತು.

ಇದನ್ನು ಕೇಳಿಯೇ ಪುಡಿಯವರು ಈಗ ಮೆಣಸು ಬೆರೆಸಿ ‘ಡಬಲ್ ಪವರ್’ ಅನ್ನುತ್ತಾರೆ. ನನಗೆ ಭಯವಾಗುವುದು ಇಲ್ಲೇ. ಅಂಥ ಪಂಪು ಕ್ಯಾನ್ಸರಿನಲ್ಲಿ ಮಾತ್ರ ಇಲ್ಲ. ನಮ್ಮ ಕರುಳು, ಈಲಿ, ಮೂತ್ರಪಿಂಡದಲ್ಲೂ ಇದ್ದು ದೇಹಕ್ಕೆ ಬೇಡದ್ದನ್ನು ಆಚೆ ಹಾಕುತ್ತಿರುತ್ತದೆ. ಪೈಪರಿನ್ ಆ ಪಂಪನ್ನೂ ತಡೆಯುತ್ತದೆ, ಔಷಧಿ ಕರಗಿಸುವ ಈಲಿಯ ಕೆಲಸವನ್ನೂ ನಿಧಾನ ಮಾಡುತ್ತದೆ. ಡಾಕ್ಟರು ರೋಗಿಯ ಎತ್ತರ, ತೂಕ ನೋಡಿ ಲೆಕ್ಕ ಹಾಕಿ ಕೊಟ್ಟ ಕ್ಯಾನ್ಸರ್ ಔಷಧಿ ಹೊರಹೋಗದೆ ರಕ್ತದಲ್ಲಿ ಏರಿದರೆ ಹೊಣೆ ಯಾರು? ಸಾರಿನ ಮೆಣಸಿಗೆ ಹೆದರಬೇಕಾಗಿಲ್ಲ. ಕ್ಯಾಪ್ಸೂಲಿನಲ್ಲಿ ಸಾರ ತುಂಬಿ ಕೊಡುವುದು ಬೇರೆ.

ಈ ಪಂಪು ನಿಲ್ಲಿಸಲು ದೊಡ್ಡ ದೊಡ್ಡ ಕಂಪನಿಗಳೇ 1980ರ ದಶಕದಿಂದ ರೋಗಿಗಳ ಮೇಲೆ ಪರೀಕ್ಷೆ ನಡೆಸಿ ಸೋತಿವೆ. ಆ ಕೆಲಸಕ್ಕೆಂದು ಮಂಜೂರಾದ ಔಷಧಿ ಇವತ್ತಿಗೂ ಒಂದಿಲ್ಲ. ಅವರಿಗೆ ಆಗದ್ದು ನಮ್ಮ ನೆಲ್ಲಿ ಪುಡಿಯಿಂದ ಆಗುತ್ತದೆ ಅನ್ನಲು ನಮಗೇನು ಹಕ್ಕು?

ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮಾರ್ಕೆಟ್ಟಿಗೆ ದೂರವಲ್ಲ. ಅಲ್ಲಿಗೆ ಹೋಗುವ ಎಷ್ಟೋ ಹಳ್ಳಿಯವರು ಬಸ್ಸು ಬದಲಿಸುವುದು ಮಾರ್ಕೆಟ್ಟಿನಲ್ಲೇ. ಪುಡಿ ಮಾರುವವನ ಕಣ್ಣು ಅವರ ಮೇಲೆ. ನಮ್ಮೂರಿನ ಒಬ್ಬ ಹೆಣ್ಣುಮಗಳು ಎದೆಯ ಗಂಟಿಗೆ ಮೂರು ಸೂಜಿ ಹಾಕಿಸಿಕೊಂಡು, ಕೂದಲು ಉದುರಿತು ಅಂತ ನೊಂದು, ಯಾರೋ ಹೇಳಿದ ಪುಡಿ ಹಿಡಿದರು. ನಾಲ್ಕು ತಿಂಗಳಾದ ಮೇಲೆ ಆಸ್ಪತ್ರೆಗೆ ವಾಪಸ್ ಹೋದಾಗ ಗಂಟು ಕಂಕುಳಿಗೆ ಹರಡಿತ್ತು. ಇಬ್ಬರು ಮಕ್ಕಳನ್ನು ಈಗ ಅಜ್ಜಿ ಸಾಕುತ್ತಿದ್ದಾಳೆ. ಆ ಪುಡಿಗೆ ಹಾಕಿದ್ದೂ ಯಾರೋ ರೈತ ಬೆಳೆದ ಪದಾರ್ಥವೇ ತಾನೆ.

ಕಾನೂನು ಕೇಳುವವರಿಗೆ ಒಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಲ್ಲಿ ಕ್ಯಾನ್ಸರ್ ವಾಸಿಮಾಡುತ್ತೇವೆ ಎಂಬ ಜಾಹೀರಾತು ಅಪರಾಧ. ಪ್ಯಾಕೆಟ್ಟಿನ ಚೀಟಿಯೂ ಜಾಹೀರಾತೇ. ವ್ಯಾಪಾರಿಯ ಹೆಸರು ಅದರ ಮೇಲೆ ಇರುವುದಿಲ್ಲ, ನಿಮ್ಮ ಹೆಸರು ಇರುತ್ತದೆ.

ನಾವು ಆರು ಮನೆಯವರು ಸೇರಿ ಮಾಡುವ ಪ್ಯಾಕೆಟ್ ಮೇಲೆ ಹಾಕುವುದು ಇಷ್ಟೇ: ನೆಲ್ಲಿ ಪುಡಿ, ತೂಕ, ಒಣಗಿಸಿದ ತಿಂಗಳು, ಊರು. ಚಿಕಿತ್ಸೆಯಲ್ಲಿ ಇರುವವರು ಕೇಳಿದರೆ, ‘ಮೊದಲು ಪ್ಯಾಕೆಟ್ ತಗೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ, ಆಮೇಲೆ ತಿನ್ನಿ’ ಅನ್ನುತ್ತೇವೆ. ಆ ವ್ಯಾಪಾರಿ ಕೊಳ್ಳುವುದು ಬಿಟ್ಟ. ಈಗ ತರಗುಪೇಟೆ ಕಡೆಯ ಒಂದು ದಿನಸಿ ಅಂಗಡಿಗೆ ಹಾಕುತ್ತಿದ್ದೇವೆ, ರೇಟು ಕಿಲೋಗೆ 20 ರೂಪಾಯಿ ಕಡಿಮೆ.